ಸೋಫಾದ ಸೀಟು ಹಂಚಿಕೆ

ನಮ್ಮ ಮನೆಯ ಸೋಫಾದಲ್ಲಿ ಇರುವುದು ಮೂರು ಸೀಟು. ಕ್ರಿಕೆಟ್ ಫೈನಲ್ ದಿನ ಆಕಾಂಕ್ಷಿಗಳು ಏಳು ಜನ. ಯಾವ ಪಕ್ಷದ ಹೈಕಮಾಂಡ್‌ಗೂ ಇಷ್ಟು ತಲೆನೋವು ಇರಲಿಕ್ಕಿಲ್ಲ.

ಅಪ್ಪ ಬಲತುದಿಯಲ್ಲಿ ಕೂತರೆ ನಮ್ಮವರ ವಿಕೆಟ್ ಬೀಳುವುದಿಲ್ಲ. ಅತ್ತೆ ಅಡುಗೆಮನೆಗೆ ಹೋದರೆ ಸಿಕ್ಸರ್ ಬರುತ್ತದೆ. ಹಾಗಾಗಿ ಕೊನೆಯ ಹತ್ತು ಓವರ್ ಅತ್ತೆ ಅಲ್ಲೇ ಇರಬೇಕು, ಕೆಲಸ ಇರಲಿ ಬಿಡಲಿ. ಇದನ್ನೆಲ್ಲ ಕಂಡುಹಿಡಿದವರು ನಮ್ಮ ಚಿಕ್ಕಪ್ಪ. ಮನೆಯ ಮಟ್ಟಿಗೆ ಆಯ್ಕೆ ಸಮಿತಿ, ಚುನಾವಣಾ ಆಯೋಗ, ಥರ್ಡ್ ಅಂಪೈರ್ ಎಲ್ಲ ಅವರೇ.

2023ರ ನವೆಂಬರ್ 19, ವಿಶ್ವಕಪ್ ಫೈನಲ್ ನೆನಪಿದೆ ಅಲ್ವಾ? ಸತತ 10 ಮ್ಯಾಚ್ ಗೆದ್ದು ಬಂದ ನಮ್ಮ ತಂಡ ಅಹಮದಾಬಾದಿನಲ್ಲಿ 240ಕ್ಕೆ ಆಲೌಟ್. ಆಸ್ಟ್ರೇಲಿಯಾ ಕೂಡ 47 ರನ್ನಿಗೆ ಮೂರು ವಿಕೆಟ್ ಕಳೆದುಕೊಂಡಾಗ, ಇದ್ದವರು ಇದ್ದಲ್ಲೇ ಇರಬೇಕು, ಕಾಲು ಕೂಡ ಬದಲಿಸಬಾರದು ಅಂತ ಆದೇಶವಾಯಿತು. ಅಜ್ಜಿ ಬಾತ್‌ರೂಮಿಗೆ ಅನುಮತಿ ಕೇಳಿದರು. ಸಿಗಲಿಲ್ಲ. ಅಜ್ಜಿ ಆದೇಶ ಮುರಿದು ಹೋದರು. ಟ್ರಾವಿಸ್ ಹೆಡ್ 137 ಹೊಡೆದರು. ಪಿಚ್ ನಿಧಾನ ಇತ್ತು, ಮಧ್ಯದ ಓವರುಗಳಲ್ಲಿ ಬೌಂಡರಿಯೇ ಬರಲಿಲ್ಲ ಅಂತ ಪಂಡಿತರು ಏನೇನೋ ಹೇಳಿದರು. ನಮ್ಮ ಮನೆಯ ದಾಖಲೆಯಲ್ಲಿ ಸೋಲಿಗೆ ಒಂದೇ ಕಾರಣ ಇದೆ. ಅದು ಹಿತ್ತಿಲ ಬಾಗಿಲ ಪಕ್ಕದಲ್ಲಿದೆ.

ಅಜ್ಜಿ ಇದನ್ನು ಮರೆಯಲಿಲ್ಲ. ಮುಂದಿನ ವರ್ಷ ಜೂನ್ 29, ಟಿ20 ಫೈನಲ್. ದಕ್ಷಿಣ ಆಫ್ರಿಕಾಕ್ಕೆ 30 ಬಾಲಿಗೆ 30 ರನ್ ಸಾಕು ಅನ್ನುವ ಹೊತ್ತಿಗೆ ಅಜ್ಜಿ ಚಿಕ್ಕಪ್ಪನತ್ತ ತಿರುಗಿ, "ನೀನೊಮ್ಮೆ ಹೊರಗೆ ಹೋಗು ನೋಡೋಣ" ಅಂದರು. ಚಿಕ್ಕಪ್ಪ ಹೋಗಿ ಮೆಟ್ಟಿಲ ಮೇಲೆ ಕೂತರು. ಭಾರತ 7 ರನ್ನಿಂದ ಗೆದ್ದಿತು. ಸೂರ್ಯಕುಮಾರ್ ಗೆರೆಯ ಹತ್ತಿರ ಹಿಡಿದ ಆ ಕ್ಯಾಚನ್ನು ಇಡೀ ದೇಶ ನೋಡಿತು, ಚಿಕ್ಕಪ್ಪ ನೋಡಲಿಲ್ಲ. ಆದರೆ ಆ ವಿಶ್ವಕಪ್ ತಮ್ಮ ತ್ಯಾಗದಿಂದಲೇ ಬಂದದ್ದು ಅಂತ ಈಗಲೂ ಎಲ್ಲರಿಗೂ ಹೇಳುತ್ತಾರೆ.

ನೀವು ನಗಬಹುದು. ಆದರೆ ಚಿಕ್ಕಪ್ಪನ ಈ ವಿಜ್ಞಾನಕ್ಕೂ ಟಿವಿಯವರ ಎಕ್ಸಿಟ್ ಪೋಲ್‌ಗೂ ನನಗೆ ಕಾಣುವ ವ್ಯತ್ಯಾಸ ಒಂದೇ. ಚಿಕ್ಕಪ್ಪನಿಗೆ ಗ್ರಾಫಿಕ್ಸ್ ಇಲ್ಲ.

ಅದೇ ಜೂನ್ ತಿಂಗಳ 1ನೇ ತಾರೀಕು ಸಂಜೆ ನೋಡಬೇಕಿತ್ತು. ಲೋಕಸಭೆ ಚುನಾವಣೆಯ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಆಗುವ ತನಕ ಎಕ್ಸಿಟ್ ಪೋಲ್ ಬಾಯಿಬಿಡಬಾರದು ಅಂತ ಕಾನೂನಿದೆ. ಆ ಅರ್ಧ ಗಂಟೆ ನಿರೂಪಕರ ಸಂಕಟ ಬಾಯಲ್ಲಿ ಬಿಸಿ ಬಜ್ಜಿ ಇಟ್ಟುಕೊಂಡವರ ಸಂಕಟ. ನುಂಗುವಂತಿಲ್ಲ, ಉಗುಳುವಂತಿಲ್ಲ. ಆರೂವರೆ ಹೊಡೆದದ್ದೇ ತಡ, ಒಟ್ಟಿಗೇ ಉಗುಳಿದರು. ಬಿಜೆಪಿಯ ಮೈತ್ರಿಕೂಟ ಎನ್‌ಡಿಎಗೆ 350 ಅಂದರು. ಕೆಲವರು 400ರ ಬಾಗಿಲನ್ನೂ ತಟ್ಟಿ ಬಂದರು. ಬೆಂಡೆಕಾಯಿ ಕೊಳ್ಳುವಾಗಲೂ ನಾವು ತುದಿ ಮುರಿದು ನೋಡುತ್ತೇವೆ. 543 ಕ್ಷೇತ್ರ ಕೊಂಡಾಗ ನೋಡಲಿಲ್ಲ.

ಜೂನ್ 4ರ ಬೆಳಿಗ್ಗೆ ಎಂಟಕ್ಕೆ ಎಣಿಕೆ ಶುರು. ಮೊದಲು ಅಂಚೆ ಮತ, ಯಂತ್ರದ ಸರದಿ ಎಂಟೂವರೆಯ ಮೇಲೆ. ಆದರೆ ಲಕೋಟೆ ಬಿಚ್ಚಿ ಮುಗಿಯುವ ಮೊದಲೇ ಪರದೆ ತುಂಬ ಲೀಡು. ಒಂದೊಂದು ಚಾನೆಲ್‌ನಲ್ಲಿ ಒಂದೊಂದು ಲೆಕ್ಕ. ಅಪ್ಪ ತಮ್ಮ ಪಕ್ಷ ಜಾಸ್ತಿ ಮುಂದಿರುವ ಚಾನೆಲ್ ಹುಡುಕಿ ಅಲ್ಲೇ ಬೀಡುಬಿಟ್ಟರು. ಅತ್ತೆಯ ಪಕ್ಷ ಮುಂದಿದ್ದದ್ದು ಇನ್ನೊಂದು ಚಾನೆಲ್‌ನಲ್ಲಿ. ರಿಮೋಟ್ ಮೂರು ಸಲ ಕೈ ಬದಲಾಯಿಸಿತು. ಪ್ರತಿ ಸಲವೂ ಕೇಂದ್ರದಲ್ಲಿ ಸರ್ಕಾರ ಬದಲಾಯಿತು.

ಸಂಜೆ ಹೊತ್ತಿಗೆ ಎನ್‌ಡಿಎ 293ರ ಆಸುಪಾಸಿನಲ್ಲಿ ನಿಂತಿತು. ಮೂರು ದಿನ ಹಿಂದೆ 350 ಅಂದಿದ್ದವರೇ ಅದೇ ಕುರ್ಚಿಯಲ್ಲಿ ಕೂತು, ಅದು ಯಾಕೆ ಆಗಲು ಸಾಧ್ಯವೇ ಇರಲಿಲ್ಲ ಅಂತ ವಿವರಿಸುತ್ತಿದ್ದರು. ಅಂಡರ್‌ಕರೆಂಟ್ ಅಂದರು, ಸೈಲೆಂಟ್ ವೋಟರ್ ಅಂದರು. ಅಜ್ಜಿ ಕೇಳಿದರು, "ಎಣಿಸೋರು ಹೇಗೂ ಎಣಿಸಿ ಹೇಳ್ತಾರಲ್ಲ, ಇವರಿಗೇನು ಅವಸರ?"

ಬಿಜೆಪಿಗೆ ಸಿಕ್ಕದ್ದು 240. ಚಿಕ್ಕಪ್ಪ ಸೋಫಾದಿಂದ ಜಿಗಿದರು. "ಅಹಮದಾಬಾದಿನಲ್ಲೂ 240! ಅವತ್ತೂ ಸಾಲಲಿಲ್ಲ, ಇವತ್ತೂ ಸಾಲಲಿಲ್ಲ! ಎರಡೂ ದಿನ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದು ಯಾರು?" ಎಲ್ಲರೂ ನನ್ನ ಕಡೆ ನೋಡಿದರು. ಆ ಕುರ್ಚಿ ಈಗ ಟೆರೇಸಿನಲ್ಲಿದೆ.

ಇದು ದೇಶದ ಕತೆಯಾಯಿತು. ನಮ್ಮ ರಾಜ್ಯದಲ್ಲಿ ಆಟ ಶುರುವಾಗುವುದೇ ಎಣಿಕೆ ಮುಗಿದ ಮೇಲೆ. 2018ರ ಮೇ 15ರಂದು ಬಿಜೆಪಿ 104ಕ್ಕೆ ನಿಂತಿತು, ಬೇಕಿದ್ದದ್ದು 112. ಯಡಿಯೂರಪ್ಪ 17ಕ್ಕೆ ಪ್ರಮಾಣ ವಚನ ತೆಗೆದುಕೊಂಡರು, 19ಕ್ಕೆ ರಾಜೀನಾಮೆ ಕೊಟ್ಟರು. ನಡುವೆ ನಾವು ಕುಟುಂಬ ಸಮೇತ ನೋಡಿದ್ದು ಒಂದು ಬಸ್ಸು. ಒಳಗೆ ಶಾಸಕರು, ಕಿಟಕಿಗೆ ಪರದೆ, ಹಿಂದೆ ಕ್ಯಾಮರಾ. ಹೈದರಾಬಾದಿಗೆ ಹೊರಟಿದೆಯಂತೆ. ಅಮ್ಮ ಹೋಗಿ ಅನ್ನಕ್ಕಿಟ್ಟು, ಸಾರು ಕುದಿಸಿ, ಒಗ್ಗರಣೆ ಹಾಕಿ ಬಂದು ಕೇಳಿದರು, "ಇನ್ನೂ ಬಸ್ಸೇನಾ?" ಬಸ್ಸೇ.

ಇಷ್ಟು ವರ್ಷದಲ್ಲಿ ನಾನು ಕಂಡ ನಂಬಿಕಸ್ತ ಎಕ್ಸಿಟ್ ಪೋಲ್ ಅಂದರೆ ನಮ್ಮ ಮೇಲಿನ ಮನೆಯವರದ್ದು. ಅವರದು ಕೇಬಲ್, ನಮ್ಮದು ಇಂಟರ್ನೆಟ್. ನಮ್ಮದು ಅರ್ಧ ನಿಮಿಷ ಹಿಂದೆ ಓಡುತ್ತದೆ. ನವೆಂಬರ್ 19ರಂದು ಕಮಿನ್ಸ್ ಇನ್ನೂ ಓಡಿ ಬರುತ್ತಿದ್ದರು, ಮೇಲಿನಿಂದ "ಅಯ್ಯೋ" ಬಂತು. ಆಮೇಲೆ ನಿಧಾನವಾಗಿ ಬಾಲ್ ಬಂದು, ಕೊಹ್ಲಿಯ ಬ್ಯಾಟಿಗೆ ತಾಗಿ, ಸ್ಟಂಪಿಗೆ ಬಡಿಯಿತು. ಅಂದರೆ ನಾವು ಉಸಿರು ಬಿಗಿಹಿಡಿದು, ಕಾಲು ಬದಲಿಸದೆ ಕೂತು ಕಾಪಾಡುತ್ತಿದ್ದದ್ದೆಲ್ಲ ಆಗಲೇ ಔಟಾದವರನ್ನು. ಇದನ್ನು ಚಿಕ್ಕಪ್ಪನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಎಣಿಕೆಯ ದಿನವೂ ಚಾವಣಿಗೆ ಕಿವಿ ಕೊಟ್ಟೇ ಕೂತಿದ್ದೆ. ಬೆಳಗಿನಿಂದ ಒಂದು ಸದ್ದಿಲ್ಲ. ಇದೇ ಆ ಅಂಡರ್‌ಕರೆಂಟ್ ಇರಬೇಕು ಅಂದುಕೊಂಡೆ. ಸಂಜೆ ಮೆಟ್ಟಿಲಲ್ಲಿ ಅವರು ಸಿಕ್ಕರು, ಹೆಗಲಲ್ಲಿ ಆಫೀಸ್ ಬ್ಯಾಗು.

"ಓ, ಇವತ್ತಾ ರಿಸಲ್ಟು?" ಅಂದರು. "ಯಾರು ಬಂದ್ರು?"