ಉಗುರಿನ ಬುಡದ ಗುಳ್ಳೆಗೆಲ್ಲ ನಿಂಬೆಹಣ್ಣೇ?

ಬೆರಳ ತುದಿಯಲ್ಲಿ ಏನೇ ಊದಿಕೊಂಡರೂ ನಮ್ಮ ಕಡೆ ಅದಕ್ಕೊಂದೇ ಹೆಸರು, ಉಗುರುಸುತ್ತು. ಮದ್ದೂ ಒಂದೇ, ನಿಂಬೆಹಣ್ಣಿಗೆ ತೂತು ಮಾಡಿ ಬೆರಳು ತೂರಿಸೋದು. ಹೋದ ವರ್ಷ ನಾನೂ ನಡುಬೆರಳಿಗೆ ನಿಂಬೆ ಟೋಪಿ ತೊಡಿಸಿಕೊಂಡು ಎರಡು ದಿನ ಓಡಾಡಿದೆ. ಹಣ್ಣು ಬಾಡಿತು, ಗುಳ್ಳೆ ಜಪ್ಪಯ್ಯ ಅನ್ನಲಿಲ್ಲ.

ಉಗುರುಸುತ್ತಾದರೆ ಸೋಂಕು. ಕೆಂಪಗಾಗಿ ಸಿಡಿಯುತ್ತೆ, ಕೀವು ಕಟ್ಟುತ್ತೆ. ನನ್ನದು ತೊಗರಿಕಾಳಿನಷ್ಟು ದಪ್ಪ, ನೋವಿಲ್ಲ, ತೆಳ್ಳಗಾದ ಚರ್ಮದೊಳಗೆ ನೀರು ಕಾಣುವಂತಿತ್ತು. ಅಲ್ಲಿಂದ ಮುಂದಕ್ಕೆ ಉಗುರಿನುದ್ದಕ್ಕೂ ನೇಗಿಲು ಹೊಡೆದಂತೆ ಒಂದು ಸಾಲು. ಚರ್ಮದ ಡಾಕ್ಟರು ನೋಡಿದವರೇ 'ಮಿಕ್ಸಾಯ್ಡ್ ಸಿಸ್ಟ್, ಕ್ಯಾನ್ಸರ್ ಅಲ್ಲ' ಅಂದರು. ಬೆರಳಿನ ಕೊನೆಯ ಕೀಲು ಸವೆದಾಗ ಅಲ್ಲಿ ಮೂಳೆ ಸಣ್ಣಗೆ ಮೊಳೆಯುತ್ತಂತೆ. ಕೀಲಿನೊಳಗಿನ ಜಿಗಟು ದ್ರವ ಕೂದಲೆಳೆಯಂಥ ದಾರಿಯಲ್ಲಿ ಒಸರಿ ಉಗುರಿನ ಬುಡದಲ್ಲಿ ನಿಲ್ಲುತ್ತೆ, ಉಗುರು ಹುಟ್ಟುವ ಜಾಗವನ್ನೇ ಅದುಮುತ್ತೆ. ಸಾಲು ಬೀಳೋದು ಅದಕ್ಕೇ. ಮಧ್ಯವಯಸ್ಸು ದಾಟಿದ ಹೆಂಗಸರಲ್ಲಿ ಜಾಸ್ತಿಯಂತೆ. (ನಮಗೆ ಇನ್ನೇನೇನು ಬಾಕಿ ಇದೆಯೋ!)

'ಸೂಜಿ ಕಾಯಿಸಿ ಚುಚ್ಚಿಬಿಡೇ' ಅಂದಳು ಚಿಕ್ಕಮ್ಮ. ದಯವಿಟ್ಟು ಯಾರೂ ಆ ಕೆಲಸಕ್ಕೆ ಹೋಗಬೇಡಿ. ಆ ಸಣ್ಣ ದಾರಿ ನೇರ ಕೀಲಿಗೇ ಹೋಗುತ್ತೆ. ಹೊರಗಿನ ಕ್ರಿಮಿ ಒಳಹೊಕ್ಕು ಕೀಲಿನಲ್ಲೇ ಕೀವಾದರೆ ಬೆರಳು ಮಡಚಲಿಕ್ಕೇ ಬಾರದಂತಾಗಬಹುದು. ಡಾಕ್ಟರೇ ಶುದ್ಧ ಸೂಜಿಯಲ್ಲಿ ತೆಗೆದರೂ ಅದು ಮತ್ತೆ ತುಂಬಿಕೊಳ್ಳೋದು ಮಾಮೂಲು. ದ್ರವರೂಪದ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸೋದು, ಸ್ಟೆರಾಯ್ಡ್ ಇಂಜೆಕ್ಷನ್, ಇವೂ ಇವೆ. ಮರುಕಳಿಸೋದು ಕಮ್ಮಿ ಅಂದರೆ ಆಪರೇಷನ್‌ನಲ್ಲೇ. ಅದರಲ್ಲೂ ಬರೀ ಗುಳ್ಳೆ ಕೆತ್ತಿ ಹೊಲಿದರೆ ಸಾಲದು, ಒಸರುವ ದಾರಿ ಮುಚ್ಚಬೇಕು ಇಲ್ಲವೇ ಮೊಳೆತ ಮೂಳೆ ತೆಗೀಬೇಕು. ಆಪರೇಷನ್ ಅಂದವರನ್ನು 'ಮೂಳೆಗೇನು ಮಾಡ್ತೀರಿ ಸಾರ್?' ಅಂತ ಕೇಳಿ, ಸಂಕೋಚ ಬೇಡ.

ನಾನಂತೂ ಬ್ಲೇಡಿಗೆ ಬೆರಳು ಕೊಡಲಿಲ್ಲ. ನೋಯದ ಗುಳ್ಳೆಯನ್ನು ಹಾಗೇ ಬಿಡೋದೂ ಒಂದು ಚಿಕಿತ್ಸೆಯೇ ಅಂತ ಆ ಡಾಕ್ಟರೇ ಹೇಳಿದರು, ಅದಕ್ಕೇ ಅವರ ಮೇಲೆ ನಂಬಿಕೆ ಹುಟ್ಟಿದ್ದು. ಆದರೆ ಈ ಮಾತು ಬರೋದು ತೋರಿಸಿದ ಮೇಲೆ. ರಕ್ತ ಒಸರೋದು, ಬೇಗ ಬೆಳೆಯೋದು, ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡೋದು ಕಂಡರೆ ಫೇಸ್‌ಬುಕ್ ಮುಚ್ಚಿ ಆಸ್ಪತ್ರೆಗೆ ಹೊರಡಿ.

ಗುಳ್ಳೆ ಈಗಲೂ ಇದೆ, ಒಂದು ತಿಂಗಳು ಇಳಿದರೆ ಇನ್ನೊಂದು ತಿಂಗಳು ಏರುತ್ತೆ. ಚಿಕ್ಕಮ್ಮ ಮೊನ್ನೆ ಫೋನಿನಲ್ಲಿ ಕೇಳಿದಳು, 'ಹಾಕಿದ್ದು ನಾಟಿ ನಿಂಬೆಹಣ್ಣೇ ತಾನೇ?'