ಗೂಬೆ ಕೂರಿಸಿದರು

ನನ್ನ ಹೆಂಡತಿ ಮೂರು ತಿಂಗಳು ಕೂತು ಒಂದು ಗೂಬೆಯನ್ನು ಕಸೂತಿ ಹಾಕಿದಳು. ನೋಡಿಕೊಂಡದ್ದು ಹಳೆಯ ಕ್ಯಾಲೆಂಡರಿನ ಫೋಟೋ. ಕಣ್ಣಿನ ಹಳದಿಗೇ ನಾಲ್ಕು ಬಗೆಯ ದಾರ. ನ್ಯೂಜೆರ್ಸಿಯ ನಮ್ಮೂರ ಗ್ರಂಥಾಲಯದಲ್ಲಿ ಕರಕುಶಲ ಪ್ರದರ್ಶನವಿತ್ತು. ಹೆಸರು ಕೊಡಲು ಹೋದರೆ, ಮೇಜಿನ ಹಿಂದಿದ್ದ ಅಜ್ಜಿ ಬಾಯಿ ತುಂಬ ಹೊಗಳಿ, ಅರ್ಜಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು: ಮೂಲ ಚಿತ್ರ ಯಾರದು, ಒಪ್ಪಿಗೆ ಪತ್ರ ಇದೆಯೇ? ಇರಲಿಲ್ಲ. ಕಳ್ಳತನದ ಗೂಬೆಯನ್ನು ನಮ್ಮ ತಲೆಯ ಮೇಲೆ ಕೂರಿಸಿದ ಹಾಗಾಯಿತು.

ಊರಿನಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ? ರವಿವರ್ಮನ ಸರಸ್ವತಿ ನಮ್ಮ ಬೀದಿಯಲ್ಲಿ ರಂಗೋಲಿಯಾಗಿದ್ದಾಳೆ, ಮದುವೆ ಮಂಟಪದಲ್ಲಿ ಥರ್ಮೋಕೋಲ್ ಆಗಿದ್ದಾಳೆ, ನಮ್ಮತ್ತೆಯ ಮನೆಯಲ್ಲಿ ಮಣಿ ಪೋಣಿಸಿದ ಪಟವಾಗಿದ್ದಾಳೆ. (ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಆದರೆ ಮಣಿ ಪೋಣಿಸುವಾಗ ಅತ್ತೆ ಆ ಲೆಕ್ಕ ಹಾಕಿರಲಿಲ್ಲ.) ಕೈಯಾರೆ ಮಾಡಿದ್ದು ಮಾಡಿದವರದೇ, ಅಷ್ಟೇ.

ಆ ಮಾತು ಇಲ್ಲಿ ನಡೆಯದು ಎಂದು ಅಜ್ಜಿ ಕಥೆಯನ್ನೇ ಹೇಳಿದರು. ಜೆಫ್ ಕೂನ್ಸ್ ಎಂಬ ಹೆಸರುವಾಸಿ ಕಲಾವಿದ, ಆರ್ಟ್ ರೋಜರ್ಸ್ ತೆಗೆದ ನಾಯಿಮರಿಗಳ ಫೋಟೋ ಇದ್ದ ಕಾರ್ಡಿನಿಂದ ಹಕ್ಕುಸ್ವಾಮ್ಯದ ಸಾಲನ್ನು ಹರಿದುಹಾಕಿ, ಇಟಲಿಯ ಕುಶಲಕರ್ಮಿಗಳಿಂದ ಅದನ್ನು ಮರದಲ್ಲಿ ಕೆತ್ತಿಸಿ, ಮೂರು ಪ್ರತಿಗಳನ್ನು ಒಟ್ಟು 3,67,000 ಡಾಲರಿಗೆ ಮಾರಿದ. 1992ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಫೋಟೋ ತೆಗೆದವನ ಪರವೇ ನಿಂತಿತು. ಅವನ ಲಕ್ಷಗಟ್ಟಲೆ ಡಾಲರಿಗೂ ನನ್ನ ಹೆಂಡತಿಯ ಗೂಬೆಗೂ ಒಂದೇ ತಕ್ಕಡಿಯೇ ಎಂದು ನಾನು ವಾರವಿಡೀ ಗೊಣಗಿದೆ.

ನಮ್ಮ ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರವೂ ಚಿತ್ರವನ್ನು ಮೂರ್ತಿಯಾಗಿಸಿದರೆ ಅದು ನಕಲೇ ಎಂದು ಆಮೇಲೆ ತಿಳಿಯಿತು. ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ತಮ್ಮನ ಕಾರಿನ ಹಿಂಗಾಜಿನ ಮೇಲೆ ಸಿಟ್ಟಿನ ಹನುಮಂತನಿದ್ದಾನೆ. ಆ ಮುಖವನ್ನು 2015ರಲ್ಲಿ ಬರೆದದ್ದು ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ, ಊರಿನ ಹುಡುಗರ ಬಾವುಟಕ್ಕೆಂದು. ತಮ್ಮ ಸ್ಟಿಕರ್ ಕೊಂಡದ್ದು ಸಿಗ್ನಲ್ಲಿನಲ್ಲಿ. ಅದನ್ನು ಬರೆದವರೊಬ್ಬರು ಇದ್ದಾರೆಂಬುದೇ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಹೆಂಡತಿ ಗೊಣಗಲಿಲ್ಲ. ಕ್ಯಾಲೆಂಡರಿನ ಕೊನೆಯ ಹಾಳೆಯಲ್ಲಿ ಹೆಸರು ಹುಡುಕಿ, ಫೋಟೋ ತೆಗೆದವರಿಗೇ ಬರೆದಳು. ನಾಲ್ಕನೆಯ ದಿನ ಉತ್ತರ ಬಂತು: ಧಾರಾಳವಾಗಿ ಇಡಿ, ಕೆಳಗೆ ನನ್ನ ಹೆಸರಿರಲಿ, ನನಗೂ ಅದರ ಒಂದು ಫೋಟೋ ಕಳಿಸಿ. ಅರ್ಜಿಯ ಗಡುವು ಹಿಂದಿನ ದಿನವೇ ಮುಗಿದಿತ್ತು.

ಗೂಬೆ ಈಗ ನಮ್ಮ ಊಟದ ಕೋಣೆಯಲ್ಲಿದೆ. ಬಲ ಮೂಲೆಯಲ್ಲಿ ಕಂದು ದಾರದಲ್ಲಿ ಆತನ ಹೆಸರು. ವಿಡಿಯೋ ಕರೆಯಲ್ಲಿ ಕಂಡ ಅಮ್ಮನ ತಕರಾರು ಬೇರೆಯೇ: "ಮನೆಯೊಳಗೆ ಯಾರಾದರೂ ಗೂಬೆಯನ್ನು ತೂಗುಹಾಕುತ್ತಾರೇನೋ?"