ಎಂಸಿಬಿ ಬೀಳುತ್ತಿದೆಯೆಂದು ದೊಡ್ಡದನ್ನು ಹಾಕಿಸಬೇಡಿ: ಸ್ಪಷ್ಟನೆ

"ಗೀಸರ್ ಹಾಕಿದಾಗಲೆಲ್ಲ ಎಂಸಿಬಿ ಬಿದ್ದರೆ 16 ಆಂಪ್‌ನದು ತೆಗೆದು 32 ಆಂಪ್‌ನದು ಹಾಕಿಸಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು, ಮನೆಗೆ ಬೆಂಕಿ ತರುವಂಥ ತಪ್ಪು.

ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿದಾಗ ತಾನಾಗಿ ಆಫ್ ಆಗುವ (ಬೀಳುವ) ಸ್ವಿಚ್, ಇರುವುದು ಮುಖ್ಯವಾಗಿ ಗೋಡೆಯೊಳಗಿನ ವೈರ್ ಉಳಿಸಲು. ಪೈಪಿನೊಳಗಿನ 2.5 ಚದರ ಮಿ.ಮೀ. ತಾಮ್ರದ ವೈರ್ ನಿಶ್ಚಿಂತೆಯಿಂದ ಹೊರುವುದು 20 ಆಂಪ್ ಆಸುಪಾಸು. ಅದರ ಮೇಲಿನ ಸಾಮಾನ್ಯ ಪಿವಿಸಿ (ಪ್ಲಾಸ್ಟಿಕ್) ಹೊದಿಕೆ ತಾಳುವ ಬಿಸಿಯ ಮಿತಿ 70 ಡಿಗ್ರಿ ಸೆಲ್ಸಿಯಸ್. 32 ಆಂಪ್ ಎಂಸಿಬಿಯಾದರೋ, ಎಂಸಿಬಿಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60898ರ ಪ್ರಕಾರ 36 ಆಂಪ್ ಹರಿದರೂ ಒಂದು ಗಂಟೆಯೊಳಗೆ ಬೀಳುವಂತಿಲ್ಲ. ಅಷ್ಟೂ ಹೊತ್ತು ವೈರ್ ಬಿಸಿಯಾಗುತ್ತಲೇ ಇರುತ್ತದೆ, ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ.

ಪದೇ ಪದೇ ಬಿದ್ದರೆ ಆ ಲೈನಿನ ಲೋಡ್ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್, ಗೀಸರ್ ಕಾಯಿಲ್ ನೋಡಿಸಿ. ದೊಡ್ಡ ಎಂಸಿಬಿ ಬೇಕೇ ಬೇಕೆಂದರೆ ಮೊದಲು ವೈರ್ ಬದಲಾಗಬೇಕು. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ.